ಒಂದೇ ಹಾಡಿಗೆ ಮುಗಿದುಹೋಗುವ ಒಂಬತ್ತು ವರ್ಷ: ಕನ್ನಡ ಚಿತ್ರರಂಗಕ್ಕೊಂದು ಬಹಿರಂಗ ಪತ್ರ

ಕನ್ನಡ ಚಿತ್ರಗಳ ನಿರ್ದೇಶಕರಿಗೆ, ಕಥೆ–ಚಿತ್ರಕಥೆ–ಸಂಭಾಷಣೆ ಬರೆಯುವ ಎಲ್ಲರಿಗೆ ದಾವಣಗೆರೆಯಿಂದ ನಮಸ್ಕಾರಗಳು.

ಮಾನ್ಯರೇ,

ನಾನು ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ 37 ವರ್ಷ ಪಾಠ ಹೇಳಿ ಈಚೆಗಷ್ಟೇ ನಿವೃತ್ತಳಾದವಳು. ಸಿನಿಮಾ ಕುರಿತು ಬರೆಯುವುದು ನನ್ನ ಕಸುಬಲ್ಲ. ಆದರೂ ಈ ಪತ್ರ ಬರೆಯುವ ಹಕ್ಕು ನನಗಿದೆಯೆಂದು ನಂಬಿದ್ದೇನೆ, ಏಕೆಂದರೆ 1996ರಿಂದ 2005ರವರೆಗೆ ಒಂಬತ್ತು ವರ್ಷ ನನ್ನ ಯಜಮಾನರು ಕೊಯಮತ್ತೂರಿನಲ್ಲಿ, ನಾನು ದಾವಣಗೆರೆಯಲ್ಲಿ ಇದ್ದುಕೊಂಡು ಸಂಸಾರ ಮಾಡಿದ್ದೇವೆ. ಈಗ ನನ್ನ ಮಗಳು ಬೆಂಗಳೂರಿನಲ್ಲಿ, ಅಳಿಯ ಜರ್ಮನಿಯಲ್ಲಿ ಇದ್ದುಕೊಂಡು ಅದನ್ನೇ ಮಾಡುತ್ತಿದ್ದಾರೆ. ಪ್ರೀತಿಸಿದವರು ದೂರವಿದ್ದು ಬದುಕುವುದನ್ನು ನೀವು ತೆರೆಯ ಮೇಲೆ ತೋರಿಸುವ ಬಗೆ ನನ್ನನ್ನು ಬಹಳ ವರ್ಷಗಳಿಂದ ಕಾಡಿದೆ, ಒಂದು ಸಲ ಬಹಳವಾಗಿ ನೋಯಿಸಿಯೂ ಇದೆ. ಅದನ್ನು ನಿಮ್ಮ ಮುಂದಿಡಲು ಇದನ್ನು ಬರೆಯುತ್ತಿದ್ದೇನೆ.

1998ರ ಬೇಸಿಗೆ. ಯಜಮಾನರು ರಜೆಗೆ ಬಂದಿದ್ದರು. ಅಶೋಕ ಟಾಕೀಸಿನಲ್ಲಿ ಸಿನಿಮಾ ನೋಡಿಕೊಂಡು ಹೊರಗೆ ಬಂದರೆ ಪಕ್ಕದ ರೈಲ್ವೆ ಗೇಟು ಬಿದ್ದಿತ್ತು. ಮಗಳು ಅವರ ಹೆಗಲ ಮೇಲೆ ನಿದ್ದೆ ಹೋಗಿದ್ದಳು. ಅಂದು ನೋಡಿದ ಚಿತ್ರದಲ್ಲಿ ನಾಯಕ ದುಡಿಯಲು ಪರದೇಶಕ್ಕೆ ಹೋಗುತ್ತಾನೆ, ನಾಯಕಿ ಕಿಟಕಿಯ ಸರಳು ಹಿಡಿದು ಹಾಡುತ್ತಾಳೆ, ಎರಡನೆಯ ಚರಣದ ಹೊತ್ತಿಗೆ ಅವನು ಮಂಜಿನಲ್ಲಿ ಒಬ್ಬನೇ ನಡೆಯುತ್ತಾನೆ, ಹಾಡು ಮುಗಿಯುವಾಗ ಬಾಗಿಲು ಬಡಿಯುತ್ತಾನೆ. ಗೂಡ್ಸ್ ಗಾಡಿಯ ಡಬ್ಬಿಗಳು ಒಂದೊಂದಾಗಿ ನಮ್ಮ ಮುಂದೆ ಹಾದು ಹೋಗುತ್ತಿದ್ದಾಗ ಇವರು ಮೆಲ್ಲಗೆ, "ಒಂದ ಹಾಡಿಗೆ ವಾಪಸ್ ಬಂದುಬಿಟ್ಟ ನೋಡು" ಎಂದರು. ಮರುದಿನ ಮಧ್ಯಾಹ್ನ ಅವರು ಬೆಂಗಳೂರಿನ ಗಾಡಿ ಹತ್ತಬೇಕಿತ್ತು. ಗೇಟು ಎದ್ದ ಮೇಲೂ ನಾವು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆವು.

ನಮ್ಮ ಊರಿನ ಕಥೆ ನಿಮಗೆ ಗೊತ್ತಿರಬಹುದು. ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಹೆಸರಾಗಿದ್ದ ದಾವಣಗೆರೆಯಲ್ಲಿ ಹತ್ತಿ ಮಿಲ್ಲುಗಳು ಒಂದರ ಹಿಂದೆ ಒಂದು ಬಾಗಿಲು ಹಾಕಿದವು. ಯಜಮಾನರು ಒಂದು ಮಿಲ್ಲಿನ ಸ್ಪಿನ್ನಿಂಗ್ ಖಾತೆಯಲ್ಲಿ ಫಿಟ್ಟರ್ ಆಗಿದ್ದರು. ಅಲ್ಲಿ ಮೊದಲು ಸಂಬಳ ತಡವಾಯಿತು, ಆಮೇಲೆ ಅರ್ಧವಾಯಿತು, ಆಮೇಲೆ ಗೇಟಿಗೆ ಬೀಗ ಬಿತ್ತು. ನೂಲಿನ ಯಂತ್ರ ಬಿಟ್ಟರೆ ಬೇರೆ ವಿದ್ಯೆ ಕಲಿಯದವರು ನೂಲಿನ ಊರನ್ನೇ ಹುಡುಕಿಕೊಂಡು ಹೋಗಬೇಕಾಯಿತು. ಹೀಗೆ ಕರ್ನಾಟಕದ ಮ್ಯಾಂಚೆಸ್ಟರ್‌ನಿಂದ ದಕ್ಷಿಣ ಭಾರತದ ಮ್ಯಾಂಚೆಸ್ಟರ್ ಎನಿಸಿದ ಕೊಯಮತ್ತೂರಿಗೆ, 600 ಕಿಲೋಮೀಟರಿಗೂ ಹೆಚ್ಚು ದೂರಕ್ಕೆ, ಅವರು ಒಂದು ಟ್ರಂಕು ಹಿಡಿದು ಹೋದರು. ನನ್ನದು ಜಗಳೂರು ತಾಲ್ಲೂಕಿನ ಒಂದು ಹಳ್ಳಿಯ ಶಾಲೆ. ಶಿಕ್ಷಕರ ವರ್ಗಾವಣೆಯಲ್ಲಿ 'ಪತಿ–ಪತ್ನಿ ಪ್ರಕರಣ' ಎಂಬುದೊಂದಿದೆ. ಗಂಡ ಹೆಂಡತಿ ಇಬ್ಬರೂ ಸರ್ಕಾರಿ ನೌಕರಿಯಲ್ಲಿದ್ದರೆ ಹತ್ತಿರದ ಜಾಗ ಕೇಳಬಹುದು. ಖಾಸಗಿ ಮಿಲ್ಲಿನಲ್ಲಿ, ಅದೂ ಹೊರರಾಜ್ಯದಲ್ಲಿ ದುಡಿಯುವವರ ಹೆಂಡತಿಗೆ ಅದರಿಂದ ಆಗುವುದೇನೂ ಇರಲಿಲ್ಲ. ಅತ್ತೆಯವರ ಆರೈಕೆ, ಮಗಳ ಬಾಲ್ಯ, ನನ್ನ ಕಾಯಂ ನೌಕರಿ, ಇವೆಲ್ಲ ಲೆಕ್ಕ ಹಾಕಿ ನಾನು ಉಳಿದೆ. ಈ ಲೆಕ್ಕವನ್ನು ನಾವಿಬ್ಬರೂ ಅಡುಗೆಮನೆಯಲ್ಲಿ ಕೂತು, ಮಗಳ ಪಾಟಿಯ ಮೇಲೆ ಬಳಪದಲ್ಲಿ ಬರೆದು ಕೂಡಿ ಕಳೆದು ಮಾಡಿದ್ದೆವು. ಬೇರೆಯಾಗುವ ತೀರ್ಮಾನ ಹೀಗೆ ಬಾಡಿಗೆ, ಹಾಲು, ಔಷಧಿಯ ನಡುವೆ ಆಗುವುದನ್ನು ನಾನು ಇದುವರೆಗೆ ತೆರೆಯ ಮೇಲೆ ಕಂಡಿಲ್ಲ. ಅಲ್ಲಿ ಪ್ರೇಮಿಗಳನ್ನು ಅಗಲಿಸುವವರು ಸಿರಿವಂತ ತಂದೆ, ಕೆಟ್ಟ ಸೋದರಮಾವ, ಅಥವಾ ಒಂದು ತಪ್ಪು ತಿಳಿವಳಿಕೆ.

ದೂರವಾಣಿಯ ವಿಷಯಕ್ಕೆ ಬರುತ್ತೇನೆ, ಏಕೆಂದರೆ ದೂರವಿದ್ದವರ ಪ್ರೀತಿ ಇರುವುದೇ ಅಲ್ಲಿ. ನಮ್ಮ ಮನೆಯಲ್ಲಿ ಫೋನ್ ಇರಲಿಲ್ಲ. ಎದುರು ಮನೆಯವರದು ನಮ್ಮ 'ಪಿ.ಪಿ. ನಂಬರ್', ಅಲ್ಲಿಗೆ ಫೋನ್ ಬಂದರೆ ನಮ್ಮನ್ನು ಕೂಗಿ ಕರೆಯುತ್ತಿದ್ದರು. ಭಾನುವಾರ ರಾತ್ರಿ ಅವರ ನಡುಮನೆಯಲ್ಲಿ ಟಿ.ವಿ. ನಡೆಯುತ್ತಿರುವಾಗ, ಮನೆಯ ಹಿರಿಯರು ಆರಾಮಕುರ್ಚಿಯಲ್ಲಿ ಕೂತಿರುವಾಗ, ನಾನು ಗೋಡೆಗೆ ಮುಖ ಮಾಡಿ ಮಾತಾಡುತ್ತಿದ್ದೆ. ಆ ಕಡೆ ಇವರು ಎಸ್.ಟಿ.ಡಿ. ಬೂತಿನ ಗಾಜಿನ ಗೂಡಿನಲ್ಲಿ, ಬಿಲ್ಲಿನ ಕೆಂಪು ಅಂಕಿಗಳು ಏರುವುದನ್ನು ನೋಡುತ್ತಾ ನಿಂತಿರುತ್ತಿದ್ದರು. "ಊಟ ಆತಾ?" "ಆತು. ನಿಮ್ದು?" "ಆತು. ಮಳಿ ಬಂತಾ?" "ಇಲ್ರೀ, ಮೋಡ ಆಗಿ ಹೋತು." "ಪಾಪು?" "ಮಲಗ್ಯಾಳ." "ಸರಿ, ಇಡ್ಲಾ?" "ಹ್ಞೂಂ." ನಮ್ಮ ಪ್ರೇಮಸಂಭಾಷಣೆ ಇದು. 'ಇಡ್ಲಾ' ಎಂದು ಕೇಳಿದ ಮೇಲೆ 'ಹ್ಞೂಂ' ಎನ್ನುವವರೆಗೆ ನಾನು ಎಷ್ಟು ತಡ ಮಾಡುತ್ತೇನೆ ಎಂಬುದರ ಮೇಲೆ ಆ ವಾರ ನಾನು ಹೇಗಿದ್ದೇನೆಂದು ಅವರಿಗೆ ತಿಳಿಯುತ್ತಿತ್ತಂತೆ. ಇದನ್ನು ಅವರು ಹೇಳಿದ್ದು ಇಪ್ಪತ್ತು ವರ್ಷಗಳ ಮೇಲೆ. ಬೂತಿನವರು ಕೊಡುತ್ತಿದ್ದ ಸಣ್ಣ ಸಣ್ಣ ಬಿಲ್ಲಿನ ಚೀಟಿಗಳನ್ನು ಅವರು ಎಸೆಯದೆ ಇಟ್ಟುಕೊಂಡಿದ್ದರು. ನಂಬರ್, ನಿಮಿಷ, ಸೆಕೆಂಡು, ಹಣ. ಒಂದು ಬಿಸ್ಕತ್ತಿನ ಡಬ್ಬಿಯ ತುಂಬಾ ಇವೆ. ಈಗ ಅಕ್ಷರ ಮಾಸಿ ಬಹುಪಾಲು ಚೀಟಿಗಳು ಖಾಲಿಯಾಗಿವೆ.

ನೀವು ಬರೆಯುವ ಸಂಭಾಷಣೆಯಲ್ಲಿ ದೂರವಿದ್ದ ಪ್ರೇಮಿಗಳು ಪ್ರೀತಿಯನ್ನು ಪ್ರೀತಿಯೆಂಬ ಪದದಿಂದಲೇ ಹೇಳುತ್ತಾರೆ, ಬಿಟ್ಟಿರಲಾರೆನೆಂದು ಹೇಳುತ್ತಾರೆ, ಸಾಯುತ್ತೇನೆಂದೂ ಹೇಳುತ್ತಾರೆ. ನಮ್ಮ ಕಡೆಯ ಜನ ಹಾಗೆ ಹೇಳುವುದನ್ನು ನಾನು ಕೇಳಿಲ್ಲ. ಕೇಳಿದ್ದು ಬೇರೆ. ಜಗಳೂರು, ಮೊಳಕಾಲ್ಮೂರು ಕಡೆ ಮಳೆ ಕೈಕೊಟ್ಟ ವರ್ಷ ಊರಿಗೆ ಊರೇ ಗುಳೆ ಹೋಗುತ್ತಿತ್ತು, ಕಾಫಿ ತೋಟಕ್ಕೆ, ಬೆಂಗಳೂರಿನ ಕಟ್ಟಡದ ಕೆಲಸಕ್ಕೆ. ಗಂಡಸರು ಹೋಗಿ ಹೆಂಗಸರು ಉಳಿದ ಮನೆಗಳಿಂದ ಶಾಲೆ ಬಿಡುವ ಹೊತ್ತಿಗೆ ಯಾರಾದರೊಬ್ಬರು ನೀಲಿ ಇನ್‌ಲ್ಯಾಂಡ್ ಲೆಟರ್ ಹಿಡಿದು ಬಂದು ಹೊಸಿಲ ಹೊರಗೆ ನಿಲ್ಲುತ್ತಿದ್ದರು, ಕಾಗದ ಬರೆಸಿಕೊಳ್ಳಲು. ಒಬ್ಬ ಹುಡುಗಿ, ಮದುವೆಯಾಗಿ ವರ್ಷ ತುಂಬಿರಲಿಲ್ಲ, ಹೀಗೆ ಹೇಳಿ ಬರೆಸಿದ್ದಳು: "ಮೇಕೆ ಎರಡು ಮರಿ ಹಾಕೈತಿ ಅಂತ ಬರೀರಿ ಟೀಚರಮ್ಮ. ಮಾಳಿಗಿ ಸೋರದು ನಿಂತೈತಿ ಅಂತ ಬರೀರಿ." ಇನ್ನೇನು ಎಂದು ಕೇಳಿದೆ. ಸೆರಗಿನ ಚುಂಗು ಬೆರಳಿಗೆ ಸುತ್ತಿಕೊಂಡು ಬಹಳ ಹೊತ್ತು ನಿಂತಳು. ಆಮೇಲೆ, "ಮನಿ ಮುಂದಿನ ಬೇವು ಹೂ ಬಿಟ್ಟೈತಿ ಅಂತ ಬರೀರಿ, ಸಾಕು" ಎಂದಳು. ಬೇವು ಹೂ ಬಿಟ್ಟಿತೆಂದರೆ ಯುಗಾದಿ ಹತ್ತಿರ ಬಂತು, ಬಾ ಎಂದು. ನಾನು ಶಿಕ್ಷಕಿ, ಅದನ್ನು ಬಿಡಿಸಿ ಬರೆಯಲೇ ಎಂದು ಕೇಳಿಬಿಟ್ಟೆ. ಅವಳು ಗಾಬರಿಯಾಗಿ ಬೇಡವೆಂದಳು. ಆ ಹಬ್ಬಕ್ಕೆ ಅವನು ಬಂದನೋ ಇಲ್ಲವೋ ನೆನಪಿಲ್ಲ, ಆದರೆ ಸಂಭಾಷಣೆ ಎಂದರೇನೆಂದು ನಾನು ಕಲಿತದ್ದು ಅವಳಿಂದ.

ನನ್ನನ್ನು ಸಿನಿಮಾ ನೋಯಿಸಿದ ಬಗೆಯನ್ನೂ ಹೇಳಬೇಕು. 1999ರಲ್ಲಿ ಮಗಳಿಗೆ ವಿಷಮಶೀತ ಜ್ವರ ಬಂದು ಒಂದು ವಾರ ಆಸ್ಪತ್ರೆಯಲ್ಲಿ ಮಲಗಿಸಬೇಕಾಯಿತು. ಪಿ.ಪಿ. ನಂಬರಿನಿಂದ ಬೂತಿನ ನಂಬರಿಗೆ, ಬೂತಿನಿಂದ ಮಿಲ್ಲಿಗೆ ಹೇಳಿ ಕಳಿಸಿದೆ. ಇವರು ಬರಲಿಲ್ಲ. ಐದನೆಯ ದಿನ ಮನಿಯಾರ್ಡರ್ ಬಂತು, ತಿಂಗಳು ತಿಂಗಳು ಬರುತ್ತಿದ್ದುದರ ಎರಡರಷ್ಟು. ಫಾರಂನ ಕೊನೆಯಲ್ಲಿ ಸಂದೇಶ ಬರೆಯಲು ಬಿಟ್ಟಿರುವ ಚೂರು ಜಾಗದಲ್ಲಿ, "ರಜೆ ಇಲ್ಲ. ಹಣ್ಣಿನ ರಸ ಕೊಡು. ನೀನೂ ಉಣ್ಣು" ಎಂದಿತ್ತು. ನಾನು ಆ ಚೀಟಿಯನ್ನು ಹರಿದು ಹಾಕಿದೆ. ಅಷ್ಟು ಹೊತ್ತಿಗೆ ನಾನು ನೂರಾರು ಸಿನಿಮಾ ನೋಡಿದ್ದೆ. ಪ್ರೀತಿಯಿದ್ದವನು ಕೆಲಸ ಬಿಸಾಕಿ, ಸಿಕ್ಕ ಲಾರಿ ಹತ್ತಿ, ಮಳೆಯಲ್ಲಿ ನೆನೆದು ಓಡಿ ಬರುತ್ತಾನೆಂದು ಮನಸ್ಸಿನಲ್ಲಿ ಅಚ್ಚೊತ್ತಿತ್ತು. ಓಡಿ ಬರಲಿಲ್ಲವಾದ್ದರಿಂದ ಪ್ರೀತಿಯಿಲ್ಲ. ಹತ್ತಿರ ಹತ್ತಿರ ಎಂಟು ತಿಂಗಳು ನಾನು ಫೋನಿನಲ್ಲಿ ಸರಿಯಾಗಿ ಮಾತಾಡಲಿಲ್ಲ. ಅವರು ಆ ಐದು ದಿನ ಒಂದರ ಮೇಲೊಂದು ಎರಡು ಪಾಳಿ ಮಾಡಿ, ಮುಂಗಡ ಕೇಳಿ, ಸಿಕ್ಕಿದ್ದನ್ನೆಲ್ಲ ಕಳಿಸಿದ್ದರೆಂದು, ಬಿಟ್ಟು ಬಂದಿದ್ದರೆ ಆ ಕೆಲಸ ಇನ್ನೊಬ್ಬರ ಪಾಲಾಗುತ್ತಿತ್ತೆಂದು ನನಗೆ ತಿಳಿದದ್ದು ಅವರ ಜೊತೆ ಕೋಣೆ ಹಂಚಿಕೊಂಡಿದ್ದ ಹರಿಹರದವರೊಬ್ಬರು ಊರಿಗೆ ಬಂದಾಗ. ಹರಿದ ಚೀಟಿಯನ್ನು ಮತ್ತೆ ಕೂಡಿಸಲಾಗಲಿಲ್ಲ. ನನ್ನ ಆ ಎಂಟು ತಿಂಗಳ ಸಿಟ್ಟಿಗೆ ನಿಮ್ಮ ಚಿತ್ರಗಳೇ ಪೂರ್ತಿ ಹೊಣೆ ಎಂದು ನಾನು ಹೇಳುವುದಿಲ್ಲ. ಆದರೆ ಅಳೆಯುವ ಕೋಲನ್ನು ನನ್ನ ಕೈಗೆ ಕೊಟ್ಟದ್ದು ಅವೇ. ಎರಡು ವರ್ಷದ ಹಿಂದೆ ನನ್ನ ಮಗಳ ನಿಶ್ಚಿತಾರ್ಥದ ದಿನಾಂಕ ಮುಂದೆ ಹೋದಾಗ, ಹುಡುಗನಿಗೆ ರಜೆ ಸಿಗಲಿಲ್ಲವೆಂದು ಎಷ್ಟು ಹೇಳಿದರೂ ನಮ್ಮ ಬಳಗದ ಹೆಂಗಸರು ಅದೇ ಕೋಲು ಹಿಡಿದುಕೊಂಡು ಬಂದರು: "ಪ್ರೀತಿ ಇದ್ದಿದ್ರೆ ಬರ್ತಿದ್ದ ಬಿಡು."

ನೀವು ಯಾರೂ ತೋರಿಸದ ಇನ್ನೊಂದಿದೆ. ದೂರ ಹೋದವರು ಮನೆಗೆ ಬಂದ ಮೇಲಿನ ಮಾತು ಅದು. ಬಾಗಿಲು ತೆರೆದ ಕೂಡಲೇ ಇಬ್ಬರೂ ತಬ್ಬಿಕೊಳ್ಳುತ್ತಾರೆ, ಕ್ಯಾಮೆರಾ ಸುತ್ತುತ್ತದೆ, ಚಿತ್ರ ಮುಗಿಯುತ್ತದೆ. ನಮ್ಮ ಮನೆಯಲ್ಲಿ ಅವರು ಬಂದ ಮೊದಲ ದಿನ ಮಗಳು ನನ್ನ ಸೀರೆಯ ಹಿಂದೆ ಅಡಗಿಕೊಂಡು, 'ಮಾಮ ಬಂದಾರ' ಎಂದಿದ್ದಳು. ಅವರು ಸೂಟ್‌ಕೇಸಿನಿಂದ ಅವಳಿಗಾಗಿ ತಂದಿದ್ದ ಲಂಗ ತೆಗೆದರು. ಎರಡು ಅಳತೆ ಚಿಕ್ಕದಾಗಿತ್ತು. ಅವರ ಮನಸ್ಸಿನಲ್ಲಿ ಅವಳು ಬಿಟ್ಟುಹೋದಾಗಿನಷ್ಟೇ ಇದ್ದಳು. ನೀರು ಕುಡಿಯಲು ಎದ್ದವರು ಚೊಂಬು ಹುಡುಕುತ್ತಾ ನಿಂತರು, ನಾನು ಅದರ ಜಾಗ ಬದಲಿಸಿದ್ದೆ. ಅವರಿಗೆ ರಾತ್ರಿ ಪಾಳಿಯ ಅಭ್ಯಾಸ, ನಡುರಾತ್ರಿಯಲ್ಲಿ ಎದ್ದು ಕೂತಿರುತ್ತಿದ್ದರು, ಹಗಲು ತೂಕಡಿಸುತ್ತಿದ್ದರು. ಯಂತ್ರದ ಸದ್ದಿನಲ್ಲಿ ವರ್ಷಗಟ್ಟಲೆ ಇದ್ದು ದನಿ ದೊಡ್ಡದಾಗಿತ್ತು. ಅವರು ಮಾಮೂಲಿಯಾಗಿ ಕೇಳಿದ್ದು ನನಗೆ ಗದರಿದಂತೆ ಕೇಳುತ್ತಿತ್ತು. ನಾನು ಮನೆಯ ವ್ಯವಹಾರವನ್ನೆಲ್ಲ ಒಬ್ಬಳೇ ನಡೆಸಿ ರೂಢಿಯಾಗಿದ್ದವಳು, ಗ್ಯಾಸು ಬುಕ್ ಮಾಡಿದೆಯಾ ಎಂದು ಕೇಳಿದರೆ ಲೆಕ್ಕ ಕೇಳಿದಂತಾಗುತ್ತಿತ್ತು. ಬಂದವರನ್ನು ನೋಡಲು ಸೋದರತ್ತೆ, ಭಾವನವರು, ಮಿಲ್ಲಿನ ಹಳೆಯ ಗೆಳೆಯರು ಸಾಲಾಗಿ ಬರುತ್ತಿದ್ದರು. ಎಲ್ಲರಿಗೂ ಮಂಡಕ್ಕಿ, ಮೆಣಸಿನಕಾಯಿ, ಚಹಾ. ಮೊದಲ ಎರಡು ದಿನ ನಾವು ಒಂದೇ ಸೂರಿನಡಿ ಇದ್ದ ಇಬ್ಬರು ಅಪರಿಚಿತರು. ಮೂರನೆಯ ದಿನ ಸಂಜೆ ಯಾವುದೋ ಸಣ್ಣ ವಿಷಯಕ್ಕೆ ಇಬ್ಬರಿಗೂ ಒಟ್ಟಿಗೆ ನಗು ಬರುತ್ತಿತ್ತು. ನಾಲ್ಕನೆಯ ದಿನ ಅವರು ಹೊರಡುತ್ತಿದ್ದರು. ಒಂಬತ್ತು ವರ್ಷವೂ ಹೀಗೆಯೇ. 2005ರಲ್ಲಿ ಶಾಶ್ವತವಾಗಿ ಬಂದ ಮೇಲೆ ಆ ಅಪರಿಚಿತತನ ಎರಡು ದಿನಕ್ಕೆ ಹೋಗಲಿಲ್ಲ, ಪೂರ್ತಿ ಒಂದು ವರ್ಷ ತೆಗೆದುಕೊಂಡಿತು.

ಇದೆಲ್ಲ ಕಲೆಗೆ ಒಗ್ಗದ ವಸ್ತುವೆಂದು ದಯವಿಟ್ಟು ಹೇಳಬೇಡಿ. ಕೆ.ಎಸ್. ನರಸಿಂಹಸ್ವಾಮಿಯವರು 1942ರ 'ಮೈಸೂರ ಮಲ್ಲಿಗೆ'ಯಲ್ಲಿ ಇದನ್ನು ಕಂಡಿದ್ದರು. ರಾಯರು ರಾತ್ರಿ ಹೊತ್ತು ಮಾವನ ಮನೆಗೆ ಬರುತ್ತಾರೆ, ಎಲ್ಲ ಉಪಚಾರವೂ ನಡೆಯುತ್ತದೆ, ನೋಡಬೇಕಾಗಿದ್ದ ಪದುಮ ಮಾತ್ರ ಕಾಣುವುದಿಲ್ಲ. ದೂರದಿಂದ ಬಂದವನ ಆತುರ, ತುಂಬಿದ ಮನೆಯ ಸಂಕೋಚ, ಅವಳ ಗೈರುಹಾಜರಿ, ಎಲ್ಲವೂ ಒಂದು ಕವಿತೆಯಲ್ಲಿವೆ. ಒಬ್ಬ ಕವಿ ಆಗಲೇ ಮಾಡಿದ್ದನ್ನು ಎರಡೂವರೆ ಗಂಟೆಯ ಚಿತ್ರ ಮಾಡಲಾರದೇ?

ಪಕ್ಕದ ಚಿತ್ರದುರ್ಗದ ಬಂಡೆಗಳು ಕನ್ನಡಿಗರ ಕಣ್ಣಿನಲ್ಲಿ ಪ್ರೇಮದ ಬಂಡೆಗಳಾಗಿ ಉಳಿದಿರುವುದು 1972ರ 'ನಾಗರಹಾವು' ಚಿತ್ರದಿಂದ. ತ.ರಾ.ಸು. ಅವರ ಕಾದಂಬರಿಗಳನ್ನು ಆಧರಿಸಿ ಪುಟ್ಟಣ್ಣ ಕಣಗಾಲರು ತೆಗೆದ ಆ ಚಿತ್ರದ ಮುಂದೆ ನಾನು ಕೈಮುಗಿಯುತ್ತೇನೆ. ದುರ್ಗದ ಕಲ್ಲನ್ನು ಅಷ್ಟು ಜೀವಂತವಾಗಿ ಬೇರೆ ಯಾರೂ ತೋರಿಸಿಲ್ಲ. ಆದರೂ ಅದನ್ನು ನೋಡಿದಾಗಲೆಲ್ಲ ನನಗೆ ಒಂದು ಪ್ರಶ್ನೆ ಏಳುತ್ತದೆ. ರಾಮಾಚಾರಿಯಿಂದ ಬೇರೆಯಾಗಿ ಮದುವೆಯಾಗಿ ಹೋದ ಅಲಮೇಲು ಮತ್ತೆ ಎದುರಾಗುವ ಹೊತ್ತಿಗೆ ಅವಳ ಬದುಕು ಮುರಿದುಹೋಗಿರುತ್ತದೆ. ನಡುವಿನ ಆ ದಿನಗಳಲ್ಲಿ ಅವಳು ಯಾರಿಗಾದರೂ ಕಾಗದ ಬರೆಯಬೇಕೆಂದುಕೊಂಡಿದ್ದಳೇ, ಯಾವ ಬಸ್ಸಿನ ವೇಳೆ ವಿಚಾರಿಸಿದ್ದಳು, ಯಾರ ಹತ್ತಿರ ಬಾಯಿ ಬಿಟ್ಟಿದ್ದಳು? ಚಿತ್ರ ರಾಮಾಚಾರಿಯದು, ಆದ್ದರಿಂದ ಅವಳ ದಿನಗಳು ನಮಗೆ ಸಿಗುವುದಿಲ್ಲ. ಐವತ್ತು ವರ್ಷ ಕಳೆದರೂ ನಮ್ಮ ಪ್ರೇಮಚಿತ್ರಗಳು ಬಹುಮಟ್ಟಿಗೆ ಅಲ್ಲೇ ನಿಂತಿವೆ: ಸಿಕ್ಕರೆ ಮದುವೆ, ಸಿಗದಿದ್ದರೆ ಬಂಡೆಯ ತುದಿ.

ಒಳ್ಳೆಯದನ್ನು ಕಂಡಾಗ ಹೇಳದೆ ಇರಬಾರದು. 2023ರಲ್ಲಿ ಎರಡು ಭಾಗಗಳಾಗಿ ಬಂದ ಹೇಮಂತ್ ಎಂ. ರಾವ್ ಅವರ 'ಸಪ್ತ ಸಾಗರದಾಚೆ ಎಲ್ಲೋ' ಚಿತ್ರದ ಮೊದಲ ಭಾಗವನ್ನು ನಾನೂ ಯಜಮಾನರೂ ಒಟ್ಟಿಗೆ ನೋಡಿದೆವು. ಮನು ಜೈಲಿನಲ್ಲಿ, ಪ್ರಿಯಾ ಹೊರಗೆ. ಭೇಟಿಯ ಆ ಗದ್ದಲದಲ್ಲಿ ಇರುವ ಸ್ವಲ್ಪ ಹೊತ್ತಿಗೆ ಯಾವ ಮಾತು ಆಡುವುದೆಂದು ತೋಚದೆ ನಿಲ್ಲುವುದನ್ನು ನೋಡಿ ಯಜಮಾನರು ನನ್ನ ಕಡೆ ತಿರುಗಿದರು. ಎರಡನೆಯ ಭಾಗದಲ್ಲಿ ನಾನು ತಡವರಿಸಿದೆ. ಬಿಡುಗಡೆಯಾದ ಮನು, ಮದುವೆಯಾಗಿ ಸಂಸಾರ ಮಾಡುತ್ತಿರುವ ಪ್ರಿಯಾಳನ್ನು ಅವಳಿಗೆ ಗೊತ್ತಿಲ್ಲದೆ ಹಿಂಬಾಲಿಸಿ ನೋಡುತ್ತಾನೆ, ಅವಳ ಮನೆಯವರ ಬದುಕಿನೊಳಗೆ ಕಾಲಿಡುತ್ತಾನೆ. ಅವಳ ಒಳ್ಳೆಯದಕ್ಕೇ ಎಂದು ಚಿತ್ರ ಹೇಳಿದರೂ ಒಬ್ಬ ಹೆಣ್ಣಾಗಿ, ಹೆಣ್ಣುಮಗಳ ತಾಯಾಗಿ ನನಗೆ ಅಲ್ಲಿ ಭಯವೇ ಆಯಿತು. ಹೆಣ್ಣನ್ನು ಹಿಂಬಾಲಿಸುವುದು 2013ರಿಂದ ಕಾನೂನಿನಲ್ಲಿ ಪ್ರತ್ಯೇಕ ಅಪರಾಧ. ಅಷ್ಟಿದ್ದರೂ, ಕಾಯುವುದನ್ನೇ ಕಥೆಯಾಗಿ ಹಿಡಿದು ಕನ್ನಡದ ಪ್ರೇಕ್ಷಕರನ್ನು ಕೂರಿಸಬಹುದೆಂದು ಆ ಚಿತ್ರ ತೋರಿಸಿತು. ಹಿಂದಿಯಲ್ಲಿ 2013ರ 'ದಿ ಲಂಚ್‌ಬಾಕ್ಸ್' ಇದನ್ನು ಇನ್ನೂ ಸಣ್ಣ ದನಿಯಲ್ಲಿ ಮಾಡಿತ್ತು. ಊಟದ ಡಬ್ಬಿಯಲ್ಲಿ ಚೀಟಿ ಬರೆದುಕೊಳ್ಳುವ ಇಬ್ಬರು ಒಂದೇ ಊರಿನಲ್ಲಿದ್ದೂ ಮುಖಾಮುಖಿ ಕೂತು ಮಾತಾಡದೆ ಆ ಚಿತ್ರ ಮುಗಿಯುತ್ತದೆ, ನೋಡಿದವರಿಗೆ ಮೋಸವಾಯಿತೆಂದು ಅನ್ನಿಸುವುದಿಲ್ಲ.

ಈಗಿನವರಿಗೆ ಫೋನಿದೆ, ಮುಖ ನೋಡಿ ಮಾತಾಡಬಹುದು, ಇನ್ನು ದೂರವೆಲ್ಲಿದೆ ಎಂದು ನೀವು ಕೇಳಬಹುದು. ನಾನೂ ಹಾಗೆಯೇ ಅಂದುಕೊಂಡಿದ್ದೆ. ಜರ್ಮನಿಗೂ ನಮಗೂ ಬೇಸಿಗೆಯಲ್ಲಿ ಮೂರೂವರೆ ಗಂಟೆ ವ್ಯತ್ಯಾಸ, ಚಳಿಗಾಲದಲ್ಲಿ ನಾಲ್ಕೂವರೆ. ಅಕ್ಟೋಬರ್ ಕೊನೆಯ ಭಾನುವಾರ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಅಳಿಯ ಸಂಜೆ 6ಕ್ಕೆ ಕೆಲಸ ಮುಗಿಸಿದರೆ ಅಲ್ಲಿಯವರೆಗೆ ನಮ್ಮ ರಾತ್ರಿ 9.30 ಆಗಿದ್ದದ್ದು ಅಂದಿನಿಂದ 10.30 ಆಗುತ್ತದೆ. ಮಗಳು ಆಫೀಸಿನ ಕ್ಯಾಬ್‌ಗಾಗಿ ಬೆಳಗ್ಗೆ 5.30ಕ್ಕೆ ಏಳಬೇಕು. ಆ ಒಂದು ಗಂಟೆ ಅವರಿಬ್ಬರ ಕೈಯಿಂದ ಮಾರ್ಚ್ ಕೊನೆಯವರೆಗೆ ಜಾರಿಹೋಗುತ್ತದೆ, ಅದನ್ನು ನೆನೆದು ಅವಳು ಅಕ್ಟೋಬರ್‌ನಲ್ಲಿ ನನ್ನ ಮುಂದೆ ಕಣ್ಣೀರು ಹಾಕಿದಳು. ಮತ್ತೊಂದು ಕಷ್ಟ ನಮಗಿರಲಿಲ್ಲ. ನಮ್ಮ ಕಾಲದಲ್ಲಿ ಉತ್ತರ ಬಾರದಿದ್ದರೆ ಅಂಚೆಯವನನ್ನು ಬೈಯಬಹುದಿತ್ತು. ಇವರಿಗೆ ಅವನು ಸಂದೇಶ ನೋಡಿದ್ದಾನೆಂದು ನೀಲಿ ಗುರುತು ಹೇಳುತ್ತದೆ, ರಾತ್ರಿ ಎರಡರವರೆಗೆ ಎದ್ದಿದ್ದನೆಂದು 'ಲಾಸ್ಟ್ ಸೀನ್' ಹೇಳುತ್ತದೆ, ಆದರೂ ಉತ್ತರವಿಲ್ಲ. ಅವನು ದಣಿದು ಕೈಯಲ್ಲಿ ಫೋನು ಹಿಡಿದೇ ನಿದ್ದೆ ಹೋಗಿದ್ದಿರಬಹುದು. ಇಷ್ಟೆಲ್ಲ ಕಾಣಿಸಿದರೂ ಏನೂ ತಿಳಿಯದ ಈ ಹೊಸ ದೂರದ ಬಗ್ಗೆ ಒಂದು ಒಳ್ಳೆಯ ದೃಶ್ಯ ಬರೆದುಕೊಡಿ ಎಂದು ನಾನು ಮನಸಾರೆ ಕೇಳಿಕೊಳ್ಳುತ್ತೇನೆ.

ದೂರ ಎಂದರೆ ವಿಮಾನ ನಿಲ್ದಾಣವೇ ಆಗಬೇಕಿಲ್ಲ. 2023ರ ಜೂನ್ 11ರಂದು ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣದ ಶಕ್ತಿ ಯೋಜನೆ ಬಂದ ಮೇಲೆ, ಬೆಂಗಳೂರಿನಲ್ಲಿ ಗಾರೆ ಕೆಲಸ ಮಾಡುವ ಗಂಡನನ್ನು ನೋಡಲು ಸಾಮಾನ್ಯ ಬಸ್ಸು ಹತ್ತಿ ಹೋಗಿಬರುವ ಜಗಳೂರು ಕಡೆಯ ಹೆಂಗಸರನ್ನು ನಾನು ಕಂಡಿದ್ದೇನೆ. ಮಡಿಲಲ್ಲಿ ರೊಟ್ಟಿಯ ಗಂಟು, ಶೇಂಗಾ ಚಟ್ನಿ. ಅವನು ಬರುವುದನ್ನು ಕಾಯುತ್ತಿದ್ದವಳು ಈಗ ತಾನೇ ಹೊರಟಿದ್ದಾಳೆ. ಅದೇ ವರ್ಷದ ಏಪ್ರಿಲ್‌ನಲ್ಲಿ ಸುಡಾನಿನಲ್ಲಿ ಕದನ ಶುರುವಾದಾಗ ಅಲ್ಲಿ ಸಿಕ್ಕಿಕೊಂಡವರಲ್ಲಿ ನಮ್ಮ ಚನ್ನಗಿರಿ ತಾಲ್ಲೂಕಿನ ಹಕ್ಕಿಪಿಕ್ಕಿ ಜನರೂ ಇದ್ದರು, ಗಿಡಮೂಲಿಕೆಯ ಔಷಧಿ ಮಾರಲು ಹೋದವರು. ಅವರಿಗಾಗಿ ಊರಿನಲ್ಲಿ ಕಾದವರ ಆ ದಿನಗಳು ಹೇಗೆ ಕಳೆದವೆಂದು ಒಬ್ಬ ಚಿತ್ರಕಥೆಗಾರನಾದರೂ ಹೋಗಿ ಕೇಳಿದ್ದರೆ!

ಖಳನಿಲ್ಲದ ಅಗಲಿಕೆಯ ಬಗ್ಗೆಯೂ ಒಂದು ಮಾತು. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಚಿತ್ರದುರ್ಗದಲ್ಲಿ ಕೆಲಸಕ್ಕಿದ್ದಳು, ಅವಳು ಪ್ರೀತಿಸಿದ ಹುಡುಗ ಪುಣೆಯಲ್ಲಿ. ಎರಡೂ ಮನೆಯವರ ಒಪ್ಪಿಗೆ ಇತ್ತು. ಮೂರು ವರ್ಷದಲ್ಲಿ ಫೋನು ದಿನಕ್ಕೊಮ್ಮೆ ಇದ್ದದ್ದು ವಾರಕ್ಕೊಮ್ಮೆಯಾಯಿತು, ಆಮೇಲೆ ಹಬ್ಬಕ್ಕೆ. ಕೊನೆಗೆ ಇಬ್ಬರೂ ಮರ್ಯಾದೆಯಿಂದ ಬಿಟ್ಟುಕೊಟ್ಟರು. ನನ್ನ ಹತ್ತಿರ ಬಂದು, "ಯಾರದೂ ತಪ್ಪಿಲ್ಲ ಅಂದ್ರೆ ಯಾರೂ ನಂಬ್ತಿಲ್ಲ ಟೀಚರ್. ಅವ್ನು ಏನ್ ಮಾಡ್ದ, ಅವ್ನು ಏನ್ ಮಾಡ್ದ ಅಂತ ಕೇಳ್ತಾರೆ" ಎಂದು ಅತ್ತಳು. ಮೋಸ ಮಾಡಿದವನ ಕಥೆ ನಮಗೆ ಬಾಯಿಪಾಠವಾಗಿದೆ. ಮೆಲ್ಲಗೆ ಆರಿಹೋದದ್ದನ್ನು ಹೇಳಲು ಆ ಹುಡುಗಿಯ ಬಳಿ ಒಂದು ಉದಾಹರಣೆಯೂ ಇರಲಿಲ್ಲ, ತೋರಿಸಿ 'ನೋಡಿ, ನಮ್ಮದೂ ಹೀಗೆಯೇ ಆಯಿತು' ಎನ್ನಲು ಒಂದು ಚಿತ್ರವೂ ಇರಲಿಲ್ಲ.

ಇಂಥದ್ದನ್ನು ತೆಗೆದರೆ ಜಿಲ್ಲೆಗಳಲ್ಲಿ ಓಡುವುದಿಲ್ಲ ಎಂಬ ಮಾತನ್ನು ನಿಮ್ಮ ಸಂದರ್ಶನಗಳಲ್ಲಿ ಓದುತ್ತಿರುತ್ತೇನೆ. ನಮ್ಮ ಊರನ್ನು ಅಷ್ಟು ಕಡಿಮೆಯಾಗಿ ತಿಳಿಯಬೇಡಿ. ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿಯನ್ನು ಬೆಳೆಸಿದ ಊರು ಇದು. ರಾತ್ರಿ ಬಹಳ ಹೊತ್ತಿನವರೆಗೆ ಟೆಂಟಿನಲ್ಲಿ ಕೂತು ನಾಟಕ ನೋಡಿ, ಒಂದು ಮಾತು ಸುಳ್ಳೆನಿಸಿದರೆ ಅಲ್ಲೇ ಗುಸುಗುಟ್ಟುತ್ತಿದ್ದ ಜನ. ಮನೆಗೊಬ್ಬರು ಬೆಂಗಳೂರಿನಲ್ಲೋ ಪುಣೆಯಲ್ಲೋ ದುಬೈಯಲ್ಲೋ ಇರುವ ಊರಿಗೆ ಕಾಯುವುದು ಅರ್ಥವಾಗುವುದಿಲ್ಲವೆಂದು ಯಾರು ಹೇಳಿದರು? ಹಾಡು ಬೇಡವೆಂದೂ ನಾನು ಹೇಳುತ್ತಿಲ್ಲ. ಹಾಡು ಬರಲಿ, ಆದರೆ ಅದು ಮುಗಿದಾಗ ಅವನು ಇನ್ನೂ ಅಲ್ಲೇ ಇರಲಿ, ಇವಳು ಇಲ್ಲೇ ಇರಲಿ, ಮರುದಿನ ಸೋಮವಾರವಾಗಿರಲಿ. ಅವಳಿಗೊಂದು ಕೆಲಸ ಕೊಡಿ, ಕಿಟಕಿಯ ಬಳಿ ನಿಲ್ಲಲು ಪುರುಸೊತ್ತಿಲ್ಲದಷ್ಟು ಕೆಲಸ. ಟಿಕೆಟ್ಟಿನ ಬೆಲೆಯನ್ನು, ರಜೆಯ ಅರ್ಜಿಯನ್ನು, ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳುವ ಅತ್ತೆಯನ್ನು ಬಿಡದೆ ತೋರಿಸಿ. ನಮ್ಮ ಕಡೆಯ ಪಾತ್ರಗಳಿಗೆ ನಮ್ಮ ಕಡೆಯ ಮಾತನ್ನೇ ಕೊಡಿ, ನಗಿಸುವುದಕ್ಕಲ್ಲದೆ ಪ್ರೀತಿಸುವುದಕ್ಕೂ. ಕರ್ನಾಟಕ ಚಲನಚಿತ್ರ ಅಕಾಡೆಮಿಯವರಲ್ಲಿಯೂ ಒಂದು ಕೋರಿಕೆ: ಚಿತ್ರಕಥೆಯ ಶಿಬಿರಗಳನ್ನು ದಾವಣಗೆರೆ, ಚಿತ್ರದುರ್ಗಗಳಲ್ಲಿಯೂ ನಡೆಸಿ, ಬರೆಯಲು ಕಲಿಯುವ ಹುಡುಗರು ಒಂದು ದಿನವಾದರೂ ಮಿಲ್ಲಿನ ಹಳೆಯ ಕಾರ್ಮಿಕರ ಓಣಿಯಲ್ಲಿ, ಗುಳೆ ಹೋದವರ ಮನೆಗಳಲ್ಲಿ ಕೂತು ಕೇಳಿಸಿಕೊಳ್ಳಲಿ. ಯಾರಾದರೂ ಬಂದರೆ ಬಿಸ್ಕತ್ತಿನ ಡಬ್ಬಿಯನ್ನು ತೆಗೆದು ತೋರಿಸಲು ಯಜಮಾನರು ಒಪ್ಪಿದ್ದಾರೆ. ಅವರು ಅದನ್ನು ನನಗಲ್ಲದೆ ಬೇರೆ ಯಾರಿಗೂ ಇದುವರೆಗೆ ತೋರಿಸಿಲ್ಲ.

ಅಳಿಯ ಡಿಸೆಂಬರ್‌ನಲ್ಲಿ ಬರುತ್ತಿದ್ದಾನೆ, ಹದಿನೆಂಟು ದಿನದ ರಜೆ. ಬಂದ ಕೂಡಲೇ ದಾವಣಗೆರೆಗೆ ಕರೆತಂದು ಬಳಗವನ್ನೆಲ್ಲ ಊಟಕ್ಕೆ ಕರೆಯೋಣವೆಂದು ಬೀಗರು ಹೇಳಿದರು. ಮೊದಲ ಮೂರು ದಿನ ಯಾರನ್ನೂ ಕರೆಯುವುದು ಬೇಡ, ನಾವೂ ಹೋಗುವುದು ಬೇಡ ಎಂದು ನಾನು ಕೇಳಿಕೊಂಡಿದ್ದೇನೆ. ಮನೆಯ ಚೊಂಬು, ಲೋಟ, ಸಕ್ಕರೆ ಡಬ್ಬಿ ಅವನು ಹೋದಾಗ ಎಲ್ಲಿದ್ದವೋ ಅಲ್ಲೇ ಇಟ್ಟಿರೆಂದು ಮಗಳಿಗೆ ಹೇಳಿದೆ. ಅವಳು ಏಕೆಂದು ಕೇಳಿದಳು. ಯಜಮಾನರು ಒಳಗಿನಿಂದ, "ಅವ್ವ ಹೇಳಿದ್ ಹಂಗ ಮಾಡು" ಎಂದರು.

ಇತಿ ನಿಮ್ಮ ವಿಶ್ವಾಸಿ,
ದಾವಣಗೆರೆಯ ಒಬ್ಬ ನಿವೃತ್ತ ಶಿಕ್ಷಕಿ